ಏಡಿಯ ವ್ಯಾಪಾರ ಬಗ್ ಅಲ್ಲ

‘ಮೊರೋವಿಂಡ್’ ಎಂಬ ಕಂಪ್ಯೂಟರ್ ಆಟ ಶುರುಮಾಡಿ ಸೇಡಾ ನೀನ್ ಎಂಬ ಮೊದಲ ಊರು ದಾಟಿದರೆ, ಸ್ವಲ್ಪ ಮುಂದೆ ಆಕಾಶದಿಂದ ಒಬ್ಬ ಮಂತ್ರವಾದಿ ಕಿರುಚಿಕೊಂಡು ಬಂದು ದೊಪ್ಪೆಂದು ಬಿದ್ದು ಸಾಯುತ್ತಾನೆ. ಈ ಆಟದ ಬಗ್ (ದೋಷ) ತಿದ್ದಲು ನಾನು ಮಾಡಿಟ್ಟಿರುವ ಮೋಡ್‌ಗೆ, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಫೈಲಿಗೆ, ಬರುವ ದೂರುಗಳಲ್ಲಿ ಈತನದು ಖಾಯಂ ಹಾಜರಿ. ಬಗ್ ಏನೂ ಅಲ್ಲ. ಹೆಣದ ಹತ್ತಿರ ಸಿಗುವ ದಿನಚರಿ, ಸುರುಳಿ ನೋಡಿ: 7 ಸೆಕೆಂಡು ಬೆಟ್ಟ ದಾಟುವಷ್ಟು ನೆಗೆಯುವ ಮಂತ್ರ ಕಂಡುಹಿಡಿದಿದ್ದಾನೆ, ಇಳಿಯುವುದು ಹೇಗೆಂದು ಯೋಚಿಸಿಲ್ಲ. ಆಟ ಕಟ್ಟಿದವರು ಬೇಕೆಂದೇ ಇಟ್ಟ ತಮಾಷೆ.

ಬೆಥೆಸ್ಡಾ ಕಂಪನಿಯ ಈ ಆಟ ಬಂದದ್ದು 2002ರಲ್ಲಿ. ಅದೇ ವರ್ಷ ‘ಟ್ರಿಬ್ಯೂನಲ್’, 2003ರಲ್ಲಿ ‘ಬ್ಲಡ್‌ಮೂನ್’ ಎಂಬ ವಿಸ್ತರಣೆಗಳು ಬಂದವು. ಕಂಪನಿಯ ತಿದ್ದುಪಡಿಗಳು ನಿಂತು ಎಷ್ಟೋ ಕಾಲವಾಯಿತು, ಆಡುವವರು ನಿಂತಿಲ್ಲ. ಆಟದ ಜೊತೆಗೇ ‘ಕನ್‌ಸ್ಟ್ರಕ್ಷನ್ ಸೆಟ್’ ಎಂಬ ಸಾಧನವನ್ನೂ ಕೊಟ್ಟುಬಿಟ್ಟಿದ್ದರಿಂದ ನನ್ನಂಥವರಿಗೆ ಸುರತ್ಕಲ್‌ನಲ್ಲಿ ಕೂತು ಕೈಯಾಡಿಸಲು ದಾರಿಯಾಯಿತು.

ಇಲ್ಲಿನ ಎನ್‌ಐಟಿಕೆಯಲ್ಲಿ ಓದುವ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬಂದ. “ಅಣ್ಣ, ನಿಮ್ಮ ಮೋಡ್ ಹಾಕಿದ್ರೂ ಎಂಥದೂ ಸರಿಯಾಗ್ಲಿಲ್ಲ ಮಾರಾಯ್ರೆ.” ಒಬ್ಬ ವ್ಯಾಪಾರಿಯ ಬಳಿ ಇರಬೇಕಾದ ಬೀಗದಕೈಯನ್ನು ನಾನು ಸೇರಿಸಿದ್ದೆ, ಅವನ ಆಟದಲ್ಲಿ ಅದು ಇರಲಿಲ್ಲ. ಡೇಟಾ ಫೋಲ್ಡರ್ ತೆರೆದು ದಿನಾಂಕದ ಪ್ರಕಾರ ಜೋಡಿಸಿದಾಗ ವಿಷಯ ಗೊತ್ತಾಯಿತು. ಈ ಆಟ ಪ್ಲಗಿನ್‌ಗಳನ್ನು (ಮೋಡ್‌ಗಳ ಫೈಲ್‌ಗಳನ್ನು) ಓದುವುದು ಫೈಲ್ ಕೊನೆಯ ಸಲ ಬದಲಾದ ದಿನಾಂಕದ ಕ್ರಮದಲ್ಲಿ. ಹುಡುಗ ಮುಖ ಚಂದ ಮಾಡುವ ಇನ್ನೊಂದು ಮೋಡ್ ತೆರೆದು, ಏನೋ ಬದಲಿಸಿ, ಉಳಿಸಿದ್ದ. ಆ ಫೈಲ್‌ನ ದಿನಾಂಕ ಹೊಸದಾಗಿ, ಅದು ಸಾಲಿನ ಕೊನೆಗೆ ಹೋಗಿತ್ತು. ಒಂದೇ ಪಾತ್ರವನ್ನು ಇಬ್ಬರು ಮುಟ್ಟಿದರೆ ಕೊನೆಗೆ ಬಂದವನದ್ದೇ ಪೂರ್ತಿ ನಡೆಯುತ್ತದೆ. ಕೂದಲು ಅವನದು, ಬೀಗದಕೈ ನನ್ನದು ಎಂಬ ಹಂಚಿಕೆ ಈ ಆಟಕ್ಕೆ ಗೊತ್ತಿಲ್ಲ. ವ್ಯಾಪಾರಿಗೆ ಹೊಸ ಜುಟ್ಟು ಬಂತು, ಬೀಗದಕೈ ಹೋಯಿತು.

ಹಾಗಾಗಿ ಎಷ್ಟು ಕಡಿಮೆ ಮುಟ್ಟುತ್ತೇವೋ ಅಷ್ಟು ಒಳ್ಳೆಯದು. ನಾವು ಮುಟ್ಟದಿದ್ದರೂ ಕನ್‌ಸ್ಟ್ರಕ್ಷನ್ ಸೆಟ್ ತಾನಾಗಿ ಮುಟ್ಟುತ್ತದೆ ಎಂಬುದು ಬೇರೆ ತಲೆನೋವು. ವಿಸ್ತರಣೆಗಳನ್ನು ಲೋಡ್ ಮಾಡದೆ ಉಳಿಸಿದರೆ ಅವುಗಳಿಗೆ ಸೇರಿದ 72 ಸೆಟ್ಟಿಂಗ್‌ಗಳವರೆಗೆ ನಮ್ಮ ಪ್ಲಗಿನ್‌ನೊಳಗೆ ನುಸುಳಿಕೊಂಡಿರುತ್ತವೆ. ಹೊರಗೆ ಬಿಡುವ ಮೊದಲು ‘ಟಿಇಎಸ್3ಸಿಎಂಡಿ’ ಎಂಬ ಸಾಧನ ಹಾಕಿ ಗುಡಿಸಲೇಬೇಕು.

ಆಡಿದಷ್ಟನ್ನು ಉಳಿಸಿಡುವ ಸೇವ್ ಫೈಲ್‌ಗಳದ್ದು ಇನ್ನೂ ಸೂಕ್ಷ್ಮ. ಸ್ಕ್ರಿಪ್ಟ್‌ನ ವೇರಿಯಬಲ್‌ಗಳ ಬೆಲೆ ಸೇವ್‌ನಲ್ಲಿ ಸಾಲಾಗಿ ಕೂತಿರುತ್ತದೆ. ನಡುವೆ ಹೊಸದೊಂದನ್ನು ತೂರಿಸಿದರೆ ಒಂದರ ಬೆಲೆ ಇನ್ನೊಂದಕ್ಕೆ ಹೋಗುತ್ತದೆ. ಅರ್ಧ ಆಟ ಮುಗಿಸಿದವನ ಕೆಲಸ ಕೆಡುತ್ತದೆ. ಹೊಸದು ಬೇಕಾದರೆ ಕೊನೆಯಲ್ಲೇ ಸೇರಿಸುತ್ತೇನೆ, ಹಳೆಯದನ್ನು ಅಳಿಸುವುದಿಲ್ಲ. ಜೂನ್‌ನಿಂದ ಇಲ್ಲಿ ಮಳೆ ಹಿಡಿದುಕೊಂಡರೆ ಕರೆಂಟು ಹೋಗಿ ಬಂದು ಮಾಡುತ್ತಿರುತ್ತದೆ. ಪರೀಕ್ಷೆಯ ನಡುವೆ ಸೇವ್ ಹಾಳಾದರೆ ಅದು ನನ್ನ ಸ್ಕ್ರಿಪ್ಟಿನ ಕಾರುಬಾರೋ ಕರೆಂಟಿನದೋ ಹೇಳುವುದು ಕಷ್ಟ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರುವುದೇ ಇಲ್ಲ.

ಆಟದ ಎಂಜಿನ್‌ನಲ್ಲೇ ಇರುವ ದೋಷಕ್ಕೆ ಪ್ಲಗಿನ್‌ನಲ್ಲಿ ಮದ್ದಿಲ್ಲ. ಅದಕ್ಕೆ ಮೂಲ ಪ್ರೋಗ್ರಾಂ ಫೈಲನ್ನೇ ಬದಲಿಸುವ ‘ಮೊರೋವಿಂಡ್ ಕೋಡ್ ಪ್ಯಾಚ್’ ಇದೆ. ಎಂಜಿನ್ನನ್ನೇ ಹೊಸದಾಗಿ ಬರೆದ ಮುಕ್ತ ತಂತ್ರಾಂಶ ‘ಓಪನ್‌ಎಂಡಬ್ಲ್ಯೂ’ ಇದೆ. ಅಲ್ಲಿ ದಿನಾಂಕದ ರಗಳೆಯಿಲ್ಲ, ಪಟ್ಟಿ ಹೇಳಿದ ಕ್ರಮವೇ ಕ್ರಮ. ಕನ್ನಡದಲ್ಲಿ ಆಡಬಹುದೇ ಎಂದೂ ಕೇಳುತ್ತಾರೆ. ಮೂಲ ಆಟದ ಅಕ್ಷರಗಳು 256 ಚಿತ್ರಗಳ ಒಂದು ಹಲಗೆ. ಹಳೆಯ ‘ನುಡಿ’, ‘ಬರಹ’ ಫಾಂಟ್‌ಗಳ ಹಾಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಬಹುದೇನೋ. ಆದರೆ ಅದು ಬಗ್ ತಿದ್ದುವ ಮೋಡ್‌ನ ಕೆಲಸವಲ್ಲ.

ಅದರ ಕೆಲಸ ಯಾವುದು ಎಂಬುದರ ಮೇಲೇ ಜಗಳ ಜಾಸ್ತಿ. ಪಾತ್ರ ಬಾಯಲ್ಲಿ ಹೇಳುವ ಮೊತ್ತ ಒಂದು, ಸ್ಕ್ರಿಪ್ಟ್ ಕೊಡುವುದು ಇನ್ನೊಂದು ಎಂದಾದರೆ ಬಗ್, ಅನುಮಾನವಿಲ್ಲ. ಆಟದೊಳಗೇ ಸಾಕ್ಷಿ ಸಿಗದಿದ್ದರೆ ನಾನು ಕೈ ಹಚ್ಚುವುದಿಲ್ಲ. ಉದಾಹರಣೆಗೆ, ಆಟದಲ್ಲೊಂದು ಏಡಿ ಇದೆ. ನಮ್ಮೂರಲ್ಲಾದರೆ ಡೆಂಜಿ ಸುಕ್ಕ ಎಂಬ ಏಡಿಯ ಅಡುಗೆ ಆಗಿರುತ್ತಿತ್ತು. ಅಲ್ಲಿ 10,000 ನಾಣ್ಯ ಇಟ್ಟುಕೊಂಡು ವ್ಯಾಪಾರಕ್ಕೆ ಕೂತಿದೆ. ನಿಮ್ಮ ಚೌಕಾಸಿಯ ಚಾಲಾಕಿತನ ಅದರ ಮುಂದೆ ನಡೆಯುವುದಿಲ್ಲ, ಕೊಳ್ಳುವುದನ್ನೆಲ್ಲ ಮೂಲಬೆಲೆಗೇ ಕೊಳ್ಳುತ್ತದೆ. ಕ್ಯಾಲ್ಡೆರಾ ಎಂಬ ಊರಿನಲ್ಲಿ ವ್ಯಾಪಾರ ಮಾಡುವ ಕ್ರೀಪರ್‌ನದೂ ಅದೇ ಪದ್ಧತಿ, ಬಂಡವಾಳ ಮಾತ್ರ 5,000. ಇದರಿಂದ ಆಟ ಸುಲಭವಾಗುತ್ತದೆ, ತಿದ್ದಿ ಎನ್ನುತ್ತಾರೆ. ಸುಲಭವಾಗುವುದೆಲ್ಲ ಬಗ್ ಎಂದರೆ ಹೇಗೆ?

ಆಟದಲ್ಲಿ ಅರೆದು ಕುಡಿಯುವ ಮದ್ದಿನ ವಿಷಯ ಮಾತ್ರ ನಿಜಕ್ಕೂ ತೊಡಕಿನದು. ಆಶ್ ಯಾಮ್ ಗೆಡ್ಡೆಗೆ ಬ್ಲೋಟ್ ಎಂಬ ಪದಾರ್ಥ ಬೆರೆಸಿದರೆ ಬುದ್ಧಿ ಹೆಚ್ಚಿಸುವ ಮದ್ದು ಸಿದ್ಧ. ಕುಡಿದು ಇನ್ನೊಂದು ಅರೆದರೆ ಅದು ಇನ್ನೂ ಖಡಕ್; ಅದನ್ನೂ ಕುಡಿದು ಮತ್ತೊಂದು ಅರೆಯಿರಿ. ಹೀಗೆ ಸಾಗಿದರೆ ಸಂಖ್ಯೆಗಳು ಹದ್ದು ಮೀರಿ ಬೆಳೆದು ಆಟವೇ ಅರ್ಥ ಕಳೆದುಕೊಳ್ಳುತ್ತದೆ. ಹೀಗಾಗಲಿ ಎಂದು ಯಾರೂ ಬಯಸಿರಲಿಕ್ಕಿಲ್ಲ. ಆದರೆ ಬುದ್ಧಿ ಹೆಚ್ಚಿದಷ್ಟೂ ಮದ್ದು ಬಲವಾಗಲಿ ಎಂಬ ನಿಯಮ ಆಟ ಕಟ್ಟಿದವರದ್ದೇ. ಇದಕ್ಕೆ ತಡೆ ಹಾಕುವ ಫೈಲನ್ನು ಬೇರೆಯಾಗಿ ಮಾಡಿಟ್ಟಿದ್ದೇನೆ, ಬೇಕಾದವರು ಹಾಕಿಕೊಳ್ಳಬಹುದು. ನಾನಂತೂ ನನ್ನ ಆಟಕ್ಕೆ ಹಾಕಿಕೊಂಡಿಲ್ಲ.