ಆಸ್ತಮಾ ಇದ್ದವರ ಟೆನ್ಷನ್ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನನಗೆ 41 ವರ್ಷ. ಊರು ಕಲಬುರಗಿ. ಬ್ಯಾಂಕಿನಲ್ಲಿ ವರ್ಗವಾಗಿ ನಾಗಪುರಕ್ಕೆ ಬಂದಿದ್ದೇನೆ. ಚಿಕ್ಕಂದಿನಿಂದಲೂ ದಮ್ಮು ಇದೆ, ಇಲ್ಲಿ ಬಂದ ಮೇಲೆ ಹೆಚ್ಚಾಗಿದೆ. ದಿನಕ್ಕೆ ನಾಲ್ಕೈದು ಸಲ ಸಾಲ್ಬುಟಮಾಲ್ ಪಂಪ್ ಎಳೆದುಕೊಳ್ಳುತ್ತೇನೆ. ಯಾರೂ ನೋಡಬಾರದೆಂದು ಬಾತ್‌ರೂಮಿಗೆ ಹೋಗುತ್ತೇನೆ. ಆಮೇಲೆ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ‘ಟೆನ್ಷನ್ ಬಿಡು, ತಾನೇ ಕಡಿಮೆಯಾಗುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸೇ ದುರ್ಬಲವೇ ಡಾಕ್ಟರೇ?
– ಹೆಸರು ಬೇಡ, ನಾಗಪುರ

ಉತ್ತರ: ಖಂಡಿತ ಅಲ್ಲ. ಚಿಂತೆಯಿಂದ ಆಸ್ತಮಾ ಕೆರಳುವುದು ನಿಜ. ಗಾಬರಿಯಾದಾಗ ಬಾಯಿಂದ ಬಿರುಸಾಗಿ ಉಸಿರಾಡುತ್ತೇವೆ. ಒಣ ಗಾಳಿ ತಗುಲಿ ಶ್ವಾಸನಾಳ ಇನ್ನಷ್ಟು ಬಿಗಿಯುತ್ತದೆ. ಆದರೆ ನಿಮ್ಮ ಪತ್ರ ಓದಿದರೆ, ಹತೋಟಿಗೆ ಬಾರದ ಕಾಯಿಲೆಯೇ ನಿಮಗೆ ಚಿಂತೆ ಹುಟ್ಟಿಸುತ್ತಿದೆ ಎಂದು ನನಗನ್ನಿಸುತ್ತದೆ. ಮೊದಲು ಉಸಿರಿಗೆ ಚಿಕಿತ್ಸೆ ಆಗಬೇಕು.

ಎದೆಬಡಿತ, ಕೈನಡುಕ: ಇವು ಬಹುಪಾಲು ಸಾಲ್ಬುಟಮಾಲ್‌ನ ಅಡ್ಡಪರಿಣಾಮ. ಈ ಔಷಧ ನಾಳವನ್ನು ಕೆಲವು ಗಂಟೆ ಸಡಿಲಿಸುತ್ತದೆ ಅಷ್ಟೆ, ಒಳಗಿನ ಉರಿಯೂತ ಹಾಗೆಯೇ ಉಳಿಯುತ್ತದೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾದರೆ ಆಸ್ತಮಾ ಹಿಡಿತದಲ್ಲಿಲ್ಲ ಎಂದೇ ತಿಳಿಯಿರಿ. ವಯಸ್ಕರು ಸಾಲ್ಬುಟಮಾಲ್ ಒಂದನ್ನೇ ನಂಬಿರಬಾರದು ಎಂದು ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ‘ಗಿನಾ’ 2019ರಿಂದಲೇ ಹೇಳುತ್ತಿದೆ. ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಇನ್‌ಹೇಲರ್ ನಿಮಗೆ ಬೇಕು.

ಸ್ಟಿರಾಯ್ಡ್ ಭಯ: ಸ್ಟಿರಾಯ್ಡ್ ಮಾತ್ರೆಯ ಪ್ರಮಾಣ ಮಿಲಿಗ್ರಾಂ ಲೆಕ್ಕದ್ದು, ಇನ್‌ಹೇಲರಿನದು ಮೈಕ್ರೊಗ್ರಾಂ ಲೆಕ್ಕದ್ದು. ಅದೂ ನೇರವಾಗಿ ಶ್ವಾಸನಾಳಕ್ಕೆ ತಲುಪುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆ ಬೇಡ.

ಮುಚ್ಚಿಡುವ ಕಷ್ಟ: ಉಸಿರು ಕಟ್ಟುವಾಗ ಮರೆ ಹುಡುಕುತ್ತ ಹೋಗುವುದು ಅಪಾಯ. ಪಕ್ಕದ ಮೇಜಿನ ಇಬ್ಬರಿಗಾದರೂ ವಿಷಯ ತಿಳಿಸಿ, ಪಂಪ್ ಎಲ್ಲಿಟ್ಟಿದ್ದೀರಿ ಎಂದು ತೋರಿಸಿ. ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ, ಇದಕ್ಕೂ ನಾಚಬೇಕಾಗಿಲ್ಲ.

ಊರಿನ ಹವೆ: ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ ಕೂಲರ್ ಬಿಡಿ ಎನ್ನಲಾರೆ. ಆದರೆ ಸದಾ ಒದ್ದೆಯಾಗಿರುವ ಅದರ ಹುಲ್ಲಿನಲ್ಲಿ ಬೂಷ್ಟು ಬೆಳೆಯುತ್ತದೆ. ಪ್ರತಿ ಬೇಸಿಗೆಗೆ ಹೊಸ ಹುಲ್ಲು ಹಾಕಿಸಿ, ವಾರಕ್ಕೊಮ್ಮೆ ನೀರು ಖಾಲಿ ಮಾಡಿ ತೊಟ್ಟಿ ತಿಕ್ಕಿ ಒಣಗಿಸಿ, ಎದುರಿನ ಕಿಟಕಿ ತೆರೆದಿಡಿ. ಮಳೆ ಶುರುವಾದ ಮೇಲೆ ಕೂಲರ್ ಬೇಡ. ಚಳಿಗಾಲದ ಮುಂಜಾನೆ ಹೊಗೆ ನೆಲಮಟ್ಟದಲ್ಲೇ ನಿಲ್ಲುವುದರಿಂದ ಬಿಸಿಲೇರಿದ ಮೇಲೆ ವಾಕಿಂಗ್ ಹೋಗಿ.

ದಮ್ಮೋ ಗಾಬರಿಯೋ: ಊದುವ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಕೊಂಡಿಡಿ. ಚೆನ್ನಾಗಿರುವ ದಿನಗಳಲ್ಲಿ ಊದಿ ನಿಮ್ಮ ಅತ್ಯುತ್ತಮ ಅಂಕಿ ಬರೆದುಕೊಳ್ಳಿ. ತೊಂದರೆಯಾದಾಗ ಅಂಕಿ ಅದರ ಶೇ 80ಕ್ಕಿಂತ ಕೆಳಗಿಳಿದರೆ ನಾಳ ಬಿಗಿದಿದೆ ಎಂದರ್ಥ. ಅಂಕಿ ಇಳಿಯದಿದ್ದರೆ ಗಾಬರಿಯೇ ಇರಬಹುದು, ಮೂಗಿನಿಂದ ನಿಧಾನಕ್ಕೆ ಉಸಿರಾಡಿ. ಅನುಮಾನವಿದ್ದರೆ ಪಂಪ್ ಬಳಸಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪಿಗೂ ಬಗ್ಗದಿದ್ದರೆ, ಅಂಕಿ ಶೇ 50ಕ್ಕಿಂತ ಇಳಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಈ ವಾರವೇ ಶ್ವಾಸಕೋಶ ತಜ್ಞರನ್ನು ಕಂಡು ಸ್ಪೈರೊಮೆಟ್ರಿ ಮಾಡಿಸಿ. ನೀವು ಪಂಪ್ ಎಳೆದುಕೊಳ್ಳುವ ರೀತಿಯನ್ನು ಅವರೆದುರು ಮಾಡಿ ತೋರಿಸಿ, ಎಷ್ಟೋ ಜನರ ತೊಂದರೆ ಅಲ್ಲೇ ಇರುತ್ತದೆ. ಯಾವ ಹಂತದಲ್ಲಿ ಏನು ಮಾಡಬೇಕೆಂದು ಬರೆಸಿಕೊಂಡು ಬನ್ನಿ, ಮನೆಯವರಿಗೂ ಓದಿಸಿ. ಉಸಿರು ಹತೋಟಿಗೆ ಬಂದಮೇಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ ಸಂಕೋಚ ಬೇಡ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.