ಬಣ್ಣ ಹೋಯಿತು, ಉಪ್ಪು ಉಳಿಯಿತು: ಅಧಿಶೋಷಣೆಯ ಪಾಠ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಮಿಶ್ರಣಗಳ ಬೇರ್ಪಡಿಕೆ. ಅವಧಿ: 40 ನಿಮಿಷ.

ಬೇರ್ಪಡಿಕೆಯ ಘಟಕದಲ್ಲಿ ಸೋಸುವುದು, ಆವಿಯಾಗಿಸುವುದು, ಬಟ್ಟಿ ಇಳಿಸುವುದು ಎಲ್ಲವೂ ಬರುತ್ತವೆ. ಮಕ್ಕಳ ಮನೆಯಲ್ಲಿ ಗೋಡೆಗೆ ನೇತುಹಾಕಿರುವ ‘ಫಿಲ್ಟರ್’ ಮಾತ್ರ ಇವುಗಳಲ್ಲಿ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಅದರೊಳಗಿನ ಕಪ್ಪು ಹರಳುಗಳು ಸಕ್ರಿಯ ಇದ್ದಿಲು. ಅವು ಮಾಡುವ ಕೆಲಸ ಅಧಿಶೋಷಣೆ. ಇದನ್ನು ಕಲಿಸಲು ನಾನು ಆರಿಸಿಕೊಂಡ ಸಂದರ್ಭ ಉಪ್ಪುನೀರಿನ ಮೀನಿನ ತೊಟ್ಟಿ. ಘಟ್ಟದ ಈಚೆಗಿರುವ ದಾವಣಗೆರೆಯಲ್ಲಿ ಸಮುದ್ರದ ಮೀನು ಸಾಕಬೇಕೆಂದರೆ ಸಮುದ್ರವನ್ನೇ ಮನೆಯಲ್ಲಿ ತಯಾರಿಸಿಕೊಳ್ಳಬೇಕು: ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಲವಣ. ಅಡುಗೆ ಉಪ್ಪು ಇದಕ್ಕೆ ಸಾಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವೂ ಇರುವ ಮಿಶ್ರಣ ಬೇಕು. ‘ನೀಮೋ’ ಸಿನಿಮಾದ ಕಿತ್ತಳೆ ಮೀನಿನ ಚಿತ್ರ ತೋರಿಸಿದರೆ ಪೀಠಿಕೆಗೆ ಅಷ್ಟೇ ಸಾಕು.

ಇಂಥ ತೊಟ್ಟಿಯಲ್ಲಿ ಉಳಿದ ಆಹಾರ, ಮೀನಿನ ಮಲ, ಪಾಚಿ ಕೊಳೆತು ನೀರಿಗೆ ತೆಳು ಹಳದಿ ಬಣ್ಣ ಬರುತ್ತದೆ. ಈ ಹಳದಿ ಸಾವಯವ ವಸ್ತು ನೀರಿನಲ್ಲಿ ಕರಗಿರುವುದರಿಂದ ಹತ್ತಿಯಲ್ಲಿ ಸೋಸಿದರೆ ಹೋಗುವುದಿಲ್ಲ. ಇದ್ದಿಲಿನ ಚೀಲವನ್ನು ನೀರು ಹರಿಯುವ ಜಾಗದಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ನೀರು ತಿಳಿಯಾಗುತ್ತದೆ.

ಇದಕ್ಕೆ ಕಾರಣ ಇದ್ದಿಲಿನ ಮೇಲ್ಮೈ. ತೆಂಗಿನ ಕರಟದಂಥ ವಸ್ತುವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲಾಗಿಸಿ, ಆಮೇಲೆ 800 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸುತ್ತಾರೆ. ಆಗ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುತ್ತವೆ. ಒಳ್ಳೆಯ ಇದ್ದಿಲಿನ ಒಂದು ಗ್ರಾಂಗೆ 1000 ಚದರ ಮೀಟರಿನಷ್ಟು ಮೇಲ್ಮೈ ಇರಬಹುದು. ಸಂಖ್ಯೆ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಗ್ರಾಂ ಇದ್ದಿಲಿನಲ್ಲಿ ಅಂಥ ಎಷ್ಟು ಅಂಕಣ ಎಂದು ಭಾಗಿಸಲು ಹೇಳಿದೆ. ಏಳೂವರೆಗೂ ಹೆಚ್ಚು ಬಂದಾಗ ಹಿಂದಿನ ಬೆಂಚಿನವರೂ ಇದ್ದಿಲು ನೋಡಲು ಎದ್ದು ಬಂದರು.

ಹೀರಿಕೆಗೂ ಅಧಿಶೋಷಣೆಗೂ ಇರುವ ವ್ಯತ್ಯಾಸಕ್ಕೆ ಸ್ಪಂಜಿನ ಉದಾಹರಣೆ ಎಲ್ಲ ಪಾಠ ಯೋಜನೆಗಳಲ್ಲೂ ಇರುತ್ತದೆ. ನಮ್ಮೂರಿನಲ್ಲಿ ಅದಕ್ಕಿಂತ ಒಳ್ಳೆಯದಿದೆ. ಬೆಣ್ಣೆ ದೋಸೆಯ ಒಳಕ್ಕೇ ಬೆಣ್ಣೆ ಇಳಿಯುತ್ತದೆ, ಅದು ಹೀರಿಕೆ. ಖಾರ ಮಂಡಕ್ಕಿಯಲ್ಲಿ ಖಾರದ ಪುಡಿ ಕಾಳಿನ ಮೈಗೆ ಅಂಟಿ ನಿಲ್ಲುತ್ತದೆ, ಅಧಿಶೋಷಣೆ ಹಾಗೆ. ಮಂಡಕ್ಕಿಯ ಮೈ ತುಂಬಿದ ಮೇಲೆ ಉಳಿದ ಪುಡಿ ಪೊಟ್ಟಣದ ತಳಕ್ಕೆ ಬೀಳುತ್ತದಲ್ಲ, ಇದ್ದಿಲೂ ಹಾಗೇ ತುಂಬಿಹೋಗುತ್ತದೆ. ಆದರೆ ನೋಡಿದರೆ ಗೊತ್ತಾಗುವುದಿಲ್ಲ, ಹಳೆಯದೂ ಕಪ್ಪೇ. ಅದಕ್ಕೇ ಮೀನು ಸಾಕುವವರು ಸುಮಾರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಕೆಲವರು ಅರ್ಧ ಬಿಳಿ, ಅರ್ಧ ತೆಳು ಹಳದಿ ಇರುವ ಹಾಳೆಯನ್ನು ತೊಟ್ಟಿಯ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಯಿಂದ ನೋಡುತ್ತಾರೆ. ಎರಡೂ ಒಂದೇ ಬಣ್ಣವಾಗಿ ಕಂಡರೆ ಇದ್ದಿಲು ಮುಗಿದಿದೆ ಎಂದರ್ಥ.

ಪ್ರಯೋಗಕ್ಕೆ ಒಂದು ಲೀಟರ್ ನೀರು, 35 ಗ್ರಾಂ ಅಡುಗೆ ಉಪ್ಪು, ಮೀನಿನ ಅಂಗಡಿಯಲ್ಲಿ ಔಷಧವಾಗಿ ಸಿಗುವ ಮಿಥಿಲೀನ್ ಬ್ಲೂ ಕೆಲವು ಹನಿ. ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಎರಡು ಬಾಟಲಿ; ಒಂದರಲ್ಲಿ ಹತ್ತಿ ಮತ್ತು ಮರಳು, ಇನ್ನೊಂದರಲ್ಲಿ ಅವುಗಳ ಜೊತೆಗೆ ಸಕ್ರಿಯ ಇದ್ದಿಲು. ಇದ್ದಿಲನ್ನು ಹಿಂದಿನ ದಿನವೇ ಚೆನ್ನಾಗಿ ತೊಳೆದಿಡಬೇಕು, ಇಲ್ಲವಾದರೆ ಮೊದಲ ನೀರು ಮಸಿಯಾಗಿ ಬರುತ್ತದೆ. ನಿಧಾನವಾಗಿ ಸುರಿಯಬೇಕು, ಸರ್ರನೆ ಸುರಿದರೆ ಅಣುಗಳಿಗೆ ಅಂಟಿಕೊಳ್ಳಲು ಸಮಯವೇ ಸಿಗದು. ಮರಳು, ಹತ್ತಿ ಕೂಡ ಸ್ವಲ್ಪ ನೀಲಿ ಹಿಡಿಯುತ್ತವೆ. ಇದನ್ನು ಮುಚ್ಚಿಡದೆ ಮಕ್ಕಳ ಮುಂದೆಯೇ ಚರ್ಚಿಸುವುದು ಒಳ್ಳೆಯದು, ಅವೂ ಮೇಲ್ಮೈಗಳೇ.

ಎರಡನೇ ಬಾಟಲಿಯಿಂದ ತಿಳಿನೀರು ಬಂದ ಕೂಡಲೇ “ಬಣ್ಣ ಹೋತು ಸರ್!” ಎಂಬ ಕೂಗು. ಪಾಠವನ್ನು ಅಲ್ಲಿಗೇ ಮುಗಿಸುವ ಆಸೆಯಾಗುತ್ತದೆ. ಮುಗಿಸಬಾರದು. ಪಾಠದ ತಿರುಳು ಇರುವುದು ಇದರ ನಂತರ. ಈ ನೀರಿನಲ್ಲಿ ಉಪ್ಪು ಇದೆಯೇ, ಇಲ್ಲವೇ ಎಂದು ಚೀಟಿಯಲ್ಲಿ ಬರೆಯಲು ಹೇಳಿದೆ. ಹೆಚ್ಚಿನವರು ‘ಇಲ್ಲ’ ಎಂದೇ ಬರೆದಿದ್ದರು. (ಪ್ರಯೋಗದ ನೀರನ್ನು ಯಾರೂ ರುಚಿ ನೋಡದಂತೆ ಮೊದಲೇ ಎಚ್ಚರಿಸಿರಬೇಕು.) ಪಿಂಗಾಣಿ ಬಟ್ಟಲಿನಲ್ಲಿ 5 ಮಿಲಿಲೀಟರ್ ನೀರನ್ನು ಸ್ಪಿರಿಟ್ ದೀಪದ ಮೇಲೆ ಆವಿಯಾಗಿಸಿದಾಗ ತಳದಲ್ಲಿ ಬೆಳ್ಳಗೆ ಉಪ್ಪು ಕಟ್ಟಿತು. ಲೆಕ್ಕದ ಪ್ರಕಾರ 0.17 ಗ್ರಾಂ ಆಸುಪಾಸು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಇದ್ದಿಲು ಉಪ್ಪನ್ನು ಬಿಟ್ಟುಬಿಡುವುದರಿಂದಲೇ ಸಮುದ್ರದ ಮೀನಿನ ತೊಟ್ಟಿಯಲ್ಲಿ ಅದನ್ನು ಬಳಸಲು ಸಾಧ್ಯ. ಮೀನು ಕಿವಿರಿನಿಂದ ಹೊರಬಿಡುವ ಅಮೋನಿಯಾವನ್ನೂ ಅದು ಹಿಡಿಯುವುದಿಲ್ಲ. ಆ ಕೆಲಸ ಬ್ಯಾಕ್ಟೀರಿಯಾಗಳದು. ಹಾಗಾಗಿ ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಮೀನು ಸಾಯಬಹುದು.

ಇದೇ ಪಾಠವನ್ನು ಹರಿಹರದ ಪ್ರೌಢಶಾಲೆಯಲ್ಲಿ ಮಾಡಿದಾಗ ಮಳೆಗಾಲದ ತುಂಗಭದ್ರೆಯ ಕೆಂಪು ನೀರನ್ನೂ ಒಂದು ಬಾಟಲಿ ತರಿಸಿದ್ದೆ. ಮಣ್ಣು ಕರಗಿಲ್ಲ, ತೇಲುತ್ತಿದೆ. ಅದಕ್ಕೆ ಆಲಂ ಮತ್ತು ಮರಳು ಬೇಕು. ಹೀಗೆ ಮೂರು ಬಗೆಯ ಕಲ್ಮಶಕ್ಕೆ ಮೂರು ಬಗೆಯ ಉತ್ತರ ಕಪ್ಪುಹಲಗೆಯ ಮೇಲೆ ಬಂತು. ಆಗ ಒಬ್ಬ ಹುಡುಗಿ ಎದ್ದು ನಿಂತು, “ಜಗಳೂರು ಕಡೆ ನಮ್ಮ ಅಜ್ಜಿ ಊರಿನ ಬೋರ್ ನೀರಲ್ಲಿ ಫ್ಲೋರೈಡ್ ಐತಂತೆ ಸರ್. ಇದ್ದಿಲಿನ ಫಿಲ್ಟರ್ ಸಾಕಾ?” ಎಂದು ಕೇಳಿದಳು. ಸಾಲದು. ಫ್ಲೋರೈಡ್ ಕೂಡ ಉಪ್ಪಿನಂತೆ ಕರಗಿರುವ ಅಯಾನು, ಸಾಮಾನ್ಯ ಸಕ್ರಿಯ ಇದ್ದಿಲು ಅದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಅದಕ್ಕೆ ಆರ್‌ಒ ಅಥವಾ ಸಕ್ರಿಯ ಅಲ್ಯುಮಿನಾ ಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ; ಬೇರೆ ನೀರು ಇಲ್ಲದಿದ್ದರೆ ಮಾತ್ರ 1.5. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ತಿಳಿಯದು, ಪರೀಕ್ಷೆ ಮಾಡಿಸಲೇಬೇಕು. ಅವಳ ಪ್ರಶ್ನೆಗೆ ನನ್ನ ಯೋಜನೆಯಲ್ಲಿ ಜಾಗ ಇರಲಿಲ್ಲ. ಐದು ನಿಮಿಷ ಅದಕ್ಕೇ ಹೋಯಿತು, ಹೋಗಬೇಕಾದ್ದೇ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟಿದ್ದೆ: ಮೀನಿಗೆ ಕಾಯಿಲೆ ಬಂದು ತೊಟ್ಟಿಗೆ ಔಷಧ ಹಾಕುವ ಮೊದಲು ಇದ್ದಿಲಿನ ಚೀಲವನ್ನು ಏಕೆ ಹೊರತೆಗೆಯುತ್ತಾರೆ? “ಮೀನಿಗಿಂತ ಮೊದ್ಲು ಇದ್ದಿಲೇ ಔಷಧಿ ಕುಡಿದುಬಿಡುತ್ತೆ” ಎಂದು ಒಬ್ಬ ಬರೆದಿದ್ದ. ಪೂರ್ಣ ಅಂಕ ಕೊಟ್ಟು, ‘ಕುಡಿದು’ ಎಂಬುದರ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ‘ದೋಸೆಯೋ, ಮಂಡಕ್ಕಿಯೋ?’ ಎಂದು ಬರೆದುಕೊಟ್ಟೆ.