ಕಂಡದ್ದನ್ನಷ್ಟೇ ಬರೆ: ಎಂಜಿನ್ ರೂಮಿನ ಎಂಟು ಪಾಠಗಳು

ನಮ್ಮೂರು ಚಳ್ಳಕೆರೆ. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಕೊಳವೆಬಾವಿಯಿಂದ ಸುಟ್ಟು ಬಂದ ಮೋಟಾರುಗಳ ವಾಸನೆಯಲ್ಲೇ ಬೆಳೆದವನು ನಾನು. ಸಮುದ್ರವನ್ನು ಮೊದಲು ಕಂಡದ್ದು ಮರೈನ್ ಎಂಜಿನಿಯರಿಂಗ್ ಓದಲು ಅಕಾಡೆಮಿ ಸೇರಿದ ವರ್ಷ. ಈಗ ಚೀಫ್ ಎಂಜಿನಿಯರ್, ಹಡಗಿನವರ ಮಾತಿನಲ್ಲಿ ‘ಬಡಾ ಸಾಬ್’. ಪಿಯುಸಿ ಫಲಿತಾಂಶದ ಹೊತ್ತಿಗೆ ರಜೆಯಲ್ಲಿ ಊರಿನಲ್ಲಿದ್ದರೆ, ಯಾರಾದರೊಬ್ಬರು ಮಗನನ್ನೋ ಮಗಳನ್ನೋ ಕರೆದುಕೊಂಡು ಅಂಗಡಿಗೆ ಬರುತ್ತಾರೆ. ಅವರಿಗೆ ಹೇಳುವ ಮಾತುಗಳೇ ಇವು.

1. ಫೀಸು ಕಟ್ಟುವ ಮೊದಲು ಕಣ್ಣು ತೋರಿಸಿ

ನಾಲ್ಕು ವರ್ಷದ ಬಿ.ಟೆಕ್.ಗೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಸಿಎಂನಲ್ಲಿ ಶೇ. 60 ಅಂಕ ಬೇಕು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಬಣ್ಣಗುರುಡು ಇದ್ದರೆ ಈ ದಾರಿ ಮುಚ್ಚಿದಂತೆ ಎಂಬುದು ಮಾತ್ರ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವೈರು, ಪೈಪು, ಅಲಾರಂ ದೀಪ, ಎಲ್ಲವೂ ಬಣ್ಣದಲ್ಲೇ ಮಾತಾಡುವ ಜಾಗ ಅದು. ಡಿ.ಜಿ. ಶಿಪ್ಪಿಂಗ್ ಮಾನ್ಯ ಮಾಡಿದ ವೈದ್ಯರ ಹತ್ತಿರ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಫೀಸಿನ ಮಾತಾಡಿ. ಕಾಲೇಜಿಗೂ ಅದೇ ಮಾನ್ಯತೆ ಇದೆಯೇ ಎಂದು ನೀವೇ ನೋಡಿಕೊಳ್ಳಿ. ‘ಹಡಗಿಗೆ ಹತ್ತಿಸ್ತೀನಿ, ಇಷ್ಟು ಕೊಡಿ’ ಎನ್ನುವ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲೈಸೆನ್ಸ್ ಇರುವ ನೇಮಕಾತಿ ಕಂಪನಿ ಕೆಲಸ ಕೊಡಿಸಲು ನಾವಿಕನಿಂದ ಹಣ ಕೇಳುವಂತಿಲ್ಲ.

ಇನ್ನೊಂದು ಮಾತು. ಪದವಿ ಸಿಕ್ಕ ಮರುದಿನವೇ ಹಡಗು ಸಿಗುವುದಿಲ್ಲ. ನಾನು ಏಳು ತಿಂಗಳು ಅಪ್ಪನ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಕಾದೆ.

2. ಅರ ಹಿಡಿಯಲು ನಾಚಬೇಡಿ

ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ. ವೈಸಿಗೆ ಕಚ್ಚಿಸಿ ಸಮತಟ್ಟಾಗುವ ತನಕ ಉಜ್ಜಬೇಕು. ಮೇಷ್ಟ್ರು ಅದರ ಮೇಲೆ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಗೆ ಹಿಡಿಯುತ್ತಿದ್ದರು. ನಡುವೆ ಒಂದು ಕೂದಲೆಳೆ ಬೆಳಕು ಕಂಡರೂ ತುಂಡು ವಾಪಸ್. ‘ಕಂಪ್ಯೂಟರ್ ಕಾಲದಲ್ಲಿ ಇದೆಂಥ ಶಿಕ್ಷೆ’ ಎಂದು ಗೊಣಗಿದವರಲ್ಲಿ ನಾನೂ ಒಬ್ಬ.

ಅದರ ಬೆಲೆ ತಿಳಿದದ್ದು ಸಾಗರದ ನಡುವೆ. ಸೋರುವ ವಾಲ್ವನ್ನು ಪೇಸ್ಟ್ ಹಚ್ಚಿ ಅರೆದು ಸೀಟಿಗೆ ಕೂರಿಸಬೇಕು, ಇಲ್ಲದ ಬಿಡಿಭಾಗವನ್ನು ಲೇತಿನಲ್ಲಿ ಕಡೆಯಬೇಕು. ಹತ್ತಿರದ ಅಂಗಡಿ ಹದಿನೈದು ದಿನದ ದೂರದಲ್ಲಿರುತ್ತದೆ.

3. ಪೈಪಿನ ಜೊತೆ ನಡೆಯಿರಿ

ಹಡಗು ಹತ್ತಿದ ಕೆಡೆಟ್‌ಗೆ ಮೊದಲ ಕೆಲಸ ‘ಲೈನ್ ಟ್ರೇಸಿಂಗ್’. ಬಿಲ್ಜ್, ಬ್ಯಾಲಾಸ್ಟ್, ಇಂಧನ, ತಂಪುನೀರು, ಹೀಗೆ ಒಂದೊಂದು ಪೈಪಿನ ಹಾದಿಯನ್ನೂ ಪಂಪಿನಿಂದ ಟ್ಯಾಂಕಿನವರೆಗೆ ಹಿಂಬಾಲಿಸಿ ಕೈಯಾರೆ ಚಿತ್ರ ಬಿಡಿಸಬೇಕು. ಫ್ಲೋರ್ ಪ್ಲೇಟ್ ಎತ್ತಿ, ಹೊಟ್ಟೆಯ ಮೇಲೆ ತೆವಳಿ, ಎಣ್ಣೆ ಮೆತ್ತಿದ ಕತ್ತಲಲ್ಲಿ ಟಾರ್ಚ್ ಹಿಡಿದು ಮಾಡುವ ಕೆಲಸ.

ನನಗೆ ಸೋಮಾರಿತನ. ಹಿಂದಿನ ಕೆಡೆಟ್ ಬಿಟ್ಟುಹೋದ ಪುಸ್ತಕ ಕ್ಯಾಬಿನ್ನಿನಲ್ಲಿ ಸಿಕ್ಕಿತ್ತು. ಬಿಲ್ಜ್ ಲೈನನ್ನು ಅದರಿಂದಲೇ ಅಂದವಾಗಿ ನಕಲು ಮಾಡಿ ಸೆಕೆಂಡ್ ಎಂಜಿನಿಯರಿಗೆ ಒಪ್ಪಿಸಿದೆ. ಅವರು ಒಂದು ವಾಲ್ವಿನ ಮೇಲೆ ಬೆರಳಿಟ್ಟು, ‘ಇದನ್ನು ತೋರಿಸು ಬಾ’ ಎಂದರು. ಕೆಳಗಿಳಿದು ಅರ್ಧ ಗಂಟೆ ಹುಡುಕಿದೆ. ಇದ್ದರಲ್ಲವೇ ಸಿಗುವುದು? ಹಿಂದಿನ ಡ್ರೈಡಾಕ್‌ನಲ್ಲಿ ಅದನ್ನು ಕಿತ್ತು, ಪೈಪಿನ ಬಾಯಿಗೆ ತಟ್ಟೆ ಬಿಗಿದಿದ್ದರು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಬೈಯಲಿಲ್ಲ. ‘ನಾಳೆ ಎಂಜಿನ್ ರೂಮಿಗೆ ನೀರು ನುಗ್ಗಿದರೆ ನಾನು ಈ ಚಿತ್ರ ನಂಬಿ ಆ ವಾಲ್ವ್ ತಿರುಗಿಸಲು ಹೋಗ್ತೀನಿ. ಕಂಡದ್ದನ್ನಷ್ಟೇ ಬರೆ’ ಎಂದು ತಮ್ಮ ಟಾರ್ಚನ್ನು ನನ್ನ ಕೈಗಿಟ್ಟು ಮೇಲೆ ಹೋದರು. ಆ ಲೈನ್ ಮುಗಿಸಲು ನನಗೆ ನಾಲ್ಕು ದಿನ ಹಿಡಿಯಿತು. ಇವತ್ತು ಕೇಳಿದರೂ ಕಣ್ಣು ಮುಚ್ಚಿ ಬಿಡಿಸಬಲ್ಲೆ.

4. ಓದಿದ್ದನ್ನು ಒಮ್ಮೆಯಾದರೂ ಮುಟ್ಟಿ ನೋಡಿ

ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ ಎಂದು ಪಿಯುಸಿಯಲ್ಲೇ ಬರೆದು ಅಂಕ ಗಿಟ್ಟಿಸಿದ್ದೆ. ನಂಬಿದ್ದು ಹಡಗಿನ ಫ್ರೆಶ್ ವಾಟರ್ ಜನರೇಟರಿನ ಗಾಜಿನಲ್ಲಿ ಇಣುಕಿದಾಗ. ಒಳಗಿನ ಗಾಳಿಯನ್ನು ಎಳೆದು ತೆಗೆದಿರುವುದರಿಂದ ಸಮುದ್ರದ ನೀರು ಐವತ್ತು ಡಿಗ್ರಿಯ ಆಸುಪಾಸಿನಲ್ಲೇ ತಳಮಳ ಕುದಿಯುತ್ತಿತ್ತು. ಅದಕ್ಕೆ ಬೇರೆ ಒಲೆ ಬೇಕಿಲ್ಲ. ಎಂಜಿನ್ನಿನ ಮೈಕಾವು ಹೊತ್ತು ಬರುವ ಜಾಕೆಟ್ ನೀರಿನ ಶಾಖವೇ ಸಾಕು. ನಮ್ಮ ಹಡಗಿನ ಯಂತ್ರ ಹೀಗೆ ದಿನಕ್ಕೆ ಇಪ್ಪತ್ತು ಟನ್ನಿನಷ್ಟು ಸಿಹಿನೀರು ತೆಗೆಯುತ್ತಿತ್ತು. ಬಂದರಿನಿಂದ ಫೋನ್ ಮಾಡಿ ಅವ್ವನಿಗೆ ಹೇಳಿದೆ. ವಾರಕ್ಕೊಮ್ಮೆ ಟ್ಯಾಂಕರಿಗೆ ಬಿಂದಿಗೆ ಸಾಲಿಡುತ್ತಿದ್ದ ಅವ್ವ, ‘ಅದನ್ನು ಊರಿಗೊಂದು ತಂದು ಹಾಕಪ್ಪ’ ಎಂದಳು.

5. ಅಂಕಿಯ ಬೆನ್ನಿಗಿರುವ ‘ಯಾಕೆ’

ಆರು ತಿಂಗಳ ಹಡಗಿನ ತರಬೇತಿ ಮುಗಿಸಿ ಎಂಜಿನಿಯರ್ ಲೈಸೆನ್ಸಿನ ಕ್ಲಾಸ್ ಫೋರ್ ಮೌಖಿಕ ಪರೀಕ್ಷೆಗೆ ಕೂತಾಗ ಸರ್ವೇಯರ್ ಸ್ಟೀರಿಂಗ್ ಗೇರಿನ ನಿಯಮ ಕೇಳಿದರು. ಚುಕ್ಕಾಣಿಯನ್ನು ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30 ಡಿಗ್ರಿಗೆ 28 ಸೆಕೆಂಡಿನೊಳಗೆ ತಿರುಗಿಸಬೇಕು ಎಂದು ಗಿಣಿಪಾಠ ಒಪ್ಪಿಸಿದೆ. ‘ಆಚೆಗೂ 35 ಯಾಕಲ್ಲ?’ ಎಂದರು. ಬಾಯಿ ಒಣಗಿತು. ಗುರಿ ಹತ್ತಿರವಾದಂತೆ ಪಂಪು ತಾನಾಗಿ ಎಣ್ಣೆ ತಗ್ಗಿಸುತ್ತದೆ, ಕೊನೆಯ ಕೆಲವು ಡಿಗ್ರಿ ಚುಕ್ಕಾಣಿ ನಿಧಾನವಾಗಿ ತೆವಳುತ್ತದೆ. ಎಲ್ಲಿ ನಿಂತಿತೆಂದು ಖಚಿತವಾಗಿ ಹೇಳಲಾಗದು. ಅದಕ್ಕೇ ಅಳತೆಯನ್ನು 30ಕ್ಕೆ ನಿಲ್ಲಿಸುತ್ತಾರೆ. ಹಡಗಿನಲ್ಲಿ ಪ್ರತಿ ಪಯಣಕ್ಕೂ ಮುಂಚೆ ಈ ಪರೀಕ್ಷೆ ನಡೆಯುತ್ತಿತ್ತು. ನಾನು ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದೆ, ಚುಕ್ಕಾಣಿಯನ್ನಲ್ಲ. ಎರಡನೆಯ ಸಲ ಪಾಸಾದೆ.

6. ಕಿವಿ, ಮೂಗು, ಅಂಗೈ

ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ, ‘ಬೇರಿಂಗ್ ಹೋಗಿದೆ’ ಎನ್ನುತ್ತಿದ್ದ. ಎಂಜಿನ್ ರೂಮಿನ ಗದ್ದಲದಲ್ಲಿ ನಾನು ಮಾಡುವುದೂ ಅದನ್ನೇ. ಈಗಿನ ಎಷ್ಟೋ ಹಡಗುಗಳಲ್ಲಿ ರಾತ್ರಿ ಎಂಜಿನ್ ರೂಮಿನಲ್ಲಿ ಯಾರೂ ಇರುವುದಿಲ್ಲ. ತೊಂದರೆಯಾದರೆ ಡ್ಯೂಟಿ ಎಂಜಿನಿಯರಿನ ಕ್ಯಾಬಿನ್ನಿನಲ್ಲಿ ಅಲಾರಂ ಕೂಗುತ್ತದೆ. ಆದರೆ ಸೆನ್ಸರ್ ಇರುವಲ್ಲಷ್ಟೇ ಅಲಾರಂ ಇರುತ್ತದೆ. ಮಲಗುವ ಮುಂಚಿನ ಸುತ್ತಿನಲ್ಲಿ ಪಂಪಿನ ಮೈಮೇಲೆ ಕೈಯಿಟ್ಟು ಬನ್ನಿ. ನಿನ್ನೆಗಿಂತ ಬಿಸಿ ಎನಿಸಿದರೆ ನಿದ್ದೆ ಮುಂದೂಡಿ.

7. ಧೈರ್ಯ ತೋರಿಸಬಾರದ ಜಾಗಗಳು

ನಮ್ಮ ಕಡೆ ಪಾಳುಬಾವಿಗೆ ಇಳಿದವನು ಕುಸಿದು, ಎತ್ತಲು ಹೋದವನೂ ಅಲ್ಲೇ ಉಳಿದ ಸುದ್ದಿ ಕೇಳಿದ್ದೇವೆ. ಹಡಗಿನ ಮುಚ್ಚಿದ ಟ್ಯಾಂಕಿನದೂ ಅದೇ ಕತೆ. ತುಕ್ಕು ಹಿಡಿಯುವ ಕಬ್ಬಿಣವೇ ಒಳಗಿನ ಆಮ್ಲಜನಕವನ್ನು ತಿಂದಿರುತ್ತದೆ. ಆ ಕೊರತೆಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕದ ಮೀಟರು ಶೇ. 20.9 ತೋರಿಸಬೇಕು, ಟ್ಯಾಂಕಿನ ಬಾಯಲ್ಲಿ ಒಬ್ಬ ಕಾವಲಿರಬೇಕು, ಆಮೇಲೆ ಕಾಲಿಡಿ. ಪರ್ಮಿಟ್ ಹಾಳೆಯ ಚೌಕಗಳಿಗೆ ಮೇಜಿನ ಮುಂದೆ ಕೂತು ಟಿಕ್ ಹಾಕುವವನ ಜೊತೆ ಇಳಿಯಬೇಡಿ. ಹಾಗೆಯೇ, ಎಂಜಿನ್ನಿನೊಳಗೆ ಎಣ್ಣೆಯ ಮಂಜು ಕವಿದಿದೆ ಎನ್ನುವ ಆಯಿಲ್ ಮಿಸ್ಟ್ ಅಲಾರಂ ಬಂದಾಗ ‘ಏನಾಗಿದೆ ನೋಡೋಣ’ ಎಂದು ಬಿಸಿ ಕ್ರ್ಯಾಂಕ್‌ಕೇಸಿನ ಬಾಗಿಲು ತೆರೆಯಬೇಡಿ. ಎಂಜಿನ್ ನಿಲ್ಲಿಸಿ, ದೂರ ಸರಿದು, ತಣಿಯಲು ಬಿಡಿ. ಒಳಗೆ ನುಗ್ಗುವ ಗಾಳಿಯೇ ಸ್ಫೋಟಕ್ಕೆ ದಾರಿ ಮಾಡಿಕೊಡುತ್ತದೆ.

8. ಖಾಲಿ ಬಿಡುವುದನ್ನು ಕಲಿಯಿರಿ

ಲಾಗ್ ಬುಕ್ಕಿನಲ್ಲಿ ಸುಳ್ಳು ಹಿಡಿಯುವುದು ಸುಲಭ. ನಿಜವಾದ ಅಂಕಿಗಳು ಅಷ್ಟಿಷ್ಟು ಏರಿಳಿಯುತ್ತವೆ, ಸುಳ್ಳಿನ ಅಂಕಿಗಳು ನಾಲ್ಕು ಗಂಟೆಗೊಮ್ಮೆ ತಮ್ಮನ್ನೇ ನಕಲು ಮಾಡುತ್ತವೆ. ಕಳೆದ ಕಾಂಟ್ರ್ಯಾಕ್ಟಿನಲ್ಲಿ ಹಾಸನ ಕಡೆಯ ಹುಡುಗಿಯೊಬ್ಬಳು ಕೆಡೆಟ್ ಆಗಿ ಬಂದಿದ್ದಳು. ಒಂದು ಬೆಳಿಗ್ಗೆ ಲಾಗ್ ಹಿಡಿದು ಬಂದು, ‘ಸರ್, ಐದನೇ ಯೂನಿಟ್ಟಿನ ಎಕ್ಸಾಸ್ಟ್ ಥರ್ಮಾಮೀಟರ್ ಒಡೆದಿದೆ. ಪಕ್ಕದ್ದು ನೋಡಿ ಅಂದಾಜು ಹಾಕಬಹುದಿತ್ತು. ಹಾಕಲಿಲ್ಲ’ ಎಂದಳು, ಬೈಸಿಕೊಳ್ಳುವ ಮುಖ ಮಾಡಿಕೊಂಡು. ಉಳಿದ ಚೌಕಗಳು ತುಂಬಿದ್ದವು. ಅದೊಂದರಲ್ಲಿ ಸಣ್ಣದೊಂದು ಗೆರೆ.

ಸ್ಟೋರಿನಿಂದ ಹೊಸ ಥರ್ಮಾಮೀಟರ್ ತರಲು ಹೇಳಿ, ಗೆರೆಯ ಕೆಳಗೆ ಸಹಿ ಹಾಕಿದೆ.